ಲೈನ್‌ಮ್ಯಾನ್ ಮನೆಯಲ್ಲಿ ಕರೆಂಟ್ ಹೋದಾಗ

ಕಂಪ್ಲಿಯಿಂದ ಎಮ್ಮಿಗನೂರಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಗದ್ದೆ ಶುರುವಾಗುವ ಕಡೆ ನಮ್ಮ ಮನೆ. ನನ್ನ ಗಂಡ ಲೈನ್‌ಮ್ಯಾನ್. ಬೇಸಿಗೆಯ ಕೊನೆಯಲ್ಲಿ, ಮುಂಗಾರು ಹಿಡಿಯುವ ಮುಂಚೆಯೇ, ನಮ್ಮ ಕಡೆ ಸಂಜೆ ಹೊತ್ತಿಗೆ ಗಾಳಿಮಳೆ ಏಳುತ್ತದೆ. ಕಾಲುವೆ ನೀರು ಕುಡಿದು ಮೆತ್ತಗಾದ ನೆಲದಲ್ಲಿ ನಿಂತ ಕಂಬಗಳು ಒಂದರ ಹಿಂದೊಂದು ವಾಲುತ್ತವೆ, ತಂತಿ ಗದ್ದೆಯಲ್ಲಿ ಬೀಳುತ್ತದೆ, ಊರಿಗೆ ಊರೇ ಕತ್ತಲಾಗುತ್ತದೆ. ಓಣಿಯ ಹೆಂಗಸರು, "ನಿಮಗೇನ್ರೀ, ಕರೆಂಟಿನವರ ಮನಿ" ಎನ್ನುತ್ತಾರೆ. ಲೈನಿನ ಕಟ್ಟಕಡೆಯ ಮನೆ ನಮ್ಮದು. ಕರೆಂಟ್ ಎಲ್ಲರ ಮನೆಗೂ ಬಂದ ಮೇಲೆ ನಮಗೆ ಬರುತ್ತದೆ. ಅದನ್ನು ತರಲು ಹೋದ ಮನುಷ್ಯ ಅದಕ್ಕಿಂತಲೂ ತಡವಾಗಿ ಬರುತ್ತಾನೆ.

ನನಗೆ ಕಿವಿ ಕೇಳುವುದಿಲ್ಲ. ಹುಟ್ಟಿನಿಂದ ಹೀಗಿರಲಿಲ್ಲ. ಹೊಸಪೇಟೆಯ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಒಂದು ಚಳಿಗಾಲದಲ್ಲಿ ಜ್ವರ ಬಂದು ತಲೆಗೇರಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಕಣ್ಣು ತೆರೆದಾಗ ನನ್ನ ಗಂಡ ಬಾಯಿ ಆಡಿಸುತ್ತಿದ್ದರು, ದನಿ ಇರಲಿಲ್ಲ. ಹೊರಗೆ ಗದ್ದಲವಿರಬೇಕು, ಅದಕ್ಕೇ ಕೇಳುತ್ತಿಲ್ಲ ಎಂದುಕೊಂಡೆ. ಕಿವಿಗೆ ಹಾಕುವ ಯಂತ್ರಗಳನ್ನೂ ನೋಡಿದೆವು. ನರವೇ ಸತ್ತಿದ್ದರಿಂದ ಅವು ನನ್ನ ಪಾಲಿಗೆ ಬರೀ ಭಾರವಾದವು. ಪಾಠ ಹೇಳುವುದು ನಿಂತಿತು. ಈಗ ಕಂಪ್ಲಿಯ ಒಂದು ಶಾಲೆಯಲ್ಲಿ ಪುಸ್ತಕಗಳ ಕೋಣೆ ನೋಡಿಕೊಳ್ಳುತ್ತೇನೆ. ಅಲ್ಲಿ ಮಾತು ಕಡಿಮೆ.

ಜನರ ತುಟಿ ನೋಡಿ ಮಾತು ತಿಳಿಯುವುದನ್ನು ಮೆಲ್ಲಗೆ ಕಲಿತೆ. ಕಲಿತೆ ಅನ್ನುವುದಕ್ಕಿಂತ ಊಹಿಸುವ ಅಭ್ಯಾಸವಾಯಿತು ಅನ್ನಬೇಕು. ಕನ್ನಡದ ಪ, ಬ, ಮ ಮೂರಕ್ಕೂ ತುಟಿ ಮುಚ್ಚಿಕೊಳ್ಳುವುದು ಒಂದೇ ರೀತಿ. ಮಳೆ ಎಂದರೂ ಬಳೆ ಎಂದರೂ ನನಗೆ ಕಾಣುವುದು ಒಂದೇ. ನಮ್ಮ ಅತ್ತೆ "ಬ್ಯಾಡ" ಎಂದದ್ದನ್ನು "ಮಾಡ" ಎಂದುಕೊಂಡು ಒಮ್ಮೆ ಪಾತ್ರೆ ತುಂಬ ಉಪ್ಪಿಟ್ಟು ಮಾಡಿಟ್ಟಿದ್ದೆ. ಹಾಗೆ ನೋಡಿದರೆ ಅತ್ತೆಯ ಬಾಯಿ ನನಗೆ ಎಲ್ಲಕ್ಕಿಂತ ಕಷ್ಟದ ಬಾಯಿ. ಸದಾ ಒಂದು ದವಡೆಯಲ್ಲಿ ಎಲೆ ಅಡಿಕೆ. ಮಾತು ಒಂದು ಪಕ್ಕದಿಂದ ಹೊರಬರುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ನಮ್ಮಿಬ್ಬರ ನಡುವೆ ಜಗಳವೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಕಿವಿ ಹೋದ ಮೇಲೆ ಇದ್ದಷ್ಟು ಮಾತೂ ಹೋಯಿತು. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ನಾವು ಮೂವರೇ.

ತುಟಿ ನೋಡಬೇಕೆಂದರೆ ಬೆಳಕು ಬೇಕು. ಇದು ನನಗೆ ಅರ್ಥವಾದದ್ದು ಕಿವಿ ಹೋದ ಮೇಲಿನ ಮೊದಲ ಬೇಸಿಗೆಯಲ್ಲಿ. ಗಾಳಿ ಎದ್ದಿತು, ಕರೆಂಟ್ ಹೋಯಿತು, ಗಂಡ ಹಗ್ಗದ ಚೀಲ ಹೆಗಲಿಗೇರಿಸಿ ಹೊರಟುಹೋದರು. ಪಕ್ಕದ ಮನೆಯ ಹೆಂಗಸು ನಮ್ಮ ಪಡಸಾಲೆಗೆ ಬಂದು ಅತ್ತೆಯ ಪಕ್ಕ ಕುಳಿತಳು. ಇಬ್ಬರ ನಡುವೆ ನೆಲದ ಮೇಲೆ ಒಂದು ಮೇಣದಬತ್ತಿ. ಅವರು ಮಾತಾಡುತ್ತಿದ್ದಾರೆ ಎಂದು ಕೈಗಳ ನೆರಳಿನಿಂದ ಗೊತ್ತಾಗುತ್ತಿತ್ತು. ನಗುತ್ತಿದ್ದಾರೆ ಎಂದು ಹೆಗಲುಗಳಿಂದ ಗೊತ್ತಾಗುತ್ತಿತ್ತು. ಯಾಕೆ ನಗುತ್ತಿದ್ದಾರೆ ಎಂಬುದು ಗೊತ್ತಾಗಲಿಲ್ಲ. ಕರೆಂಟ್ ಹೋದರೆ ಜನ ಒಂದೆಡೆ ಸೇರುತ್ತಾರೆ, ಟಿವಿ ಇಲ್ಲದೆ ಬೇಸರ ಕಳೆಯಲು ಹಳೆಯದನ್ನೆಲ್ಲ ನೆನೆದು ಮಾತಿಗೆ ಕೂರುತ್ತಾರೆ. ನಾನೂ ಹಾಗೆ ಕೂತವಳೇ. ಈಗ ಅದೇ ಹೊತ್ತಿನಲ್ಲಿ ನಾನೊಬ್ಬಳು ಮನೆಯಿಂದ ಹೊರಗಾಗುತ್ತಿದ್ದೆ. ಕಣ್ಣು ಮುಚ್ಚಿದರೂ ತೆರೆದರೂ ವ್ಯತ್ಯಾಸವಿಲ್ಲದ ಆ ಹೊತ್ತನ್ನು ಅಡುಗೆಮನೆಯ ಹೊಸ್ತಿಲಲ್ಲಿ ಕಳೆದೆ.

ಮರುದಿನದಿಂದಲೇ ಮನೆಯನ್ನು ಅಣಿ ಮಾಡತೊಡಗಿದೆ. ಎಲ್ಲರೂ ಮಾಡುವುದನ್ನು ನಾನೂ ಮಾಡುತ್ತಿದ್ದೆ. ಪಡುವಣದ ಕಡೆ ಆಕಾಶ ಹಿತ್ತಾಳೆ ಬಣ್ಣಕ್ಕೆ ತಿರುಗಿದರೆ ಮೋಟಾರು ಹಾಕಿ ಡ್ರಮ್ಮು ತುಂಬಿಸುವುದು, ಶೇಂಗಾ ಚಟ್ನಿಯನ್ನು ಮೊದಲೇ ಮಿಕ್ಸಿಗೆ ಹಾಕಿಕೊಳ್ಳುವುದು, ಫೋನು ಚಾರ್ಜಿಗಿಡುವುದು, ಟಿವಿಯ ಪ್ಲಗ್ಗು ಕೀಳುವುದು. ಇದರ ಜೊತೆಗೆ ಬೇರೆಯವರು ಮಾಡದ ಒಂದು ಕೆಲಸ ನನಗಿತ್ತು. ಜನ ದೀಪ ಇಡುವುದು ಕಾಲು ಎಡವದಿರಲಿ ಎಂದು, ಇಲ್ಲವೇ ಒಲೆ ಕಾಣಲಿ ಎಂದು. ನಾನು ಮುಖ ಕಾಣುವಂತೆ ಇಡಬೇಕಿತ್ತು. ಕೆಳಗಿನಿಂದ ಬಿದ್ದ ಬೆಳಕಿಗೆ ಮೂಗಿನ ನೆರಳು ಮೇಲೆದ್ದು ಮುಖವೇ ಬೇರೆಯಾಗುತ್ತದೆ. ಹಿಂದಿನಿಂದ ಬಿದ್ದರೆ ಬಾಯಿ ಇದ್ದ ಜಾಗ ಕಪ್ಪು. ಚಾರ್ಜಿನ ಲ್ಯಾಂಪುಗಳನ್ನು ತರಿಸಿ, ಕೂತವರ ಮುಖದ ಎತ್ತರಕ್ಕೆ, ಎದುರು ಗೋಡೆಗೆ ಮೊಳೆ ಹೊಡೆಸಿದೆ. ಬೆಳಕು ಹರಡಲಿ ಎಂದು ಪಡಸಾಲೆಯ ಹಸಿರು ಗೋಡೆಗೆ ಸುಣ್ಣ ಬಳಿದೆ. ಅತ್ತೆ ಎಲೆ ಅಗಿಯುತ್ತ ನೋಡುತ್ತ ಕೂತಿದ್ದರು. ಸೊಸೆಗೆ ಕತ್ತಲೆಂದರೆ ಹೆದರಿಕೆ ಎಂದು ಅವರು ಓಣಿಯಲ್ಲಿ ಹೇಳಿದ್ದು ಆಮೇಲೆ ಗೊತ್ತಾಯಿತು. ನಾನು ತಿದ್ದಲಿಲ್ಲ.

ನನ್ನ ಮೊಳೆಗಳ ಅರ್ಥ ಯಾರೂ ಹೇಳದೆ ಗ್ರಹಿಸಿದವನು ಒಬ್ಬನೇ. ನನ್ನ ಗಂಡನ ಜೊತೆ ಕೆಲಸ ಮಾಡುತ್ತಿದ್ದ ಇನ್ನೊಬ್ಬ ಲೈನ್‌ಮ್ಯಾನ್. ಅವನ ಊರು ಸಂಡೂರಿನ ಗುಡ್ಡಗಳ ಆಚೆ. ಹೆಂಡತಿ ಮಗುವನ್ನು ಊರಲ್ಲೇ ಬಿಟ್ಟು ಕಂಪ್ಲಿಯಲ್ಲಿ ಕೋಣೆ ಮಾಡಿಕೊಂಡಿದ್ದ. ನಾವು ಅವನನ್ನು ಸಂಡೂರಿನವನು ಎಂದೇ ಕರೆಯುತ್ತಿದ್ದೆವು. ವಾರದಲ್ಲಿ ಒಂದೆರಡು ಸಲ ಊಟಕ್ಕೆ ಬರುತ್ತಿದ್ದ. ಮೊದಲ ದಿನ ಕರೆಂಟ್ ಇಲ್ಲದಾಗ ಬಂದವನು ಸುತ್ತ ನೋಡಿ, ಲ್ಯಾಂಪಿನ ಎದುರಿಗೆ ಸರಿದು ಕುಳಿತು, "ಅಕ್ಕಾ, ಈಗ ಕಾಣ್ತೀನೇನು?" ಎಂದ. ಕಾಣುತ್ತಿದ್ದ. ಆದರೆ ಮೇಲಿನ ತುಟಿಯನ್ನು ಪೂರಾ ಮುಚ್ಚಿದ ದಪ್ಪ ಮೀಸೆ. "ನಿನ್ನ ಮೀಸಿ ಅಡ್ಡ ಬರ್ತೈತಪ್ಪ" ಎಂದು ನಗುತ್ತಾ ಅಂದೆ. ಮುಂದಿನ ಸಲ ಬಂದಾಗ ಮೀಸೆ ಗೆರೆಯಷ್ಟಾಗಿತ್ತು. ನನ್ನ ಗಂಡ ಅವನನ್ನು ನೋಡಿ ಗೋಡೆ ಹಿಡಿದು ನಕ್ಕರು. ಅವನು ತಟ್ಟೆಯಲ್ಲಿನ ಮಂಡಕ್ಕಿ ಒಗ್ಗರಣೆ ಬಾಯಿಗೆ ಹಾಕಿಕೊಳ್ಳುವ ಮುಂಚೆ ನಿಲ್ಲಿಸಿ, ಹೇಳಬೇಕಾದದ್ದನ್ನು ಹೇಳಿ ಮುಗಿಸಿ, ಆಮೇಲೆ ತಿನ್ನುತ್ತಿದ್ದ. ಆ ವರ್ಷಗಳಲ್ಲಿ ನಾನು ಪೂರಾ ಆಡಿದ ಮಾತುಗಳಲ್ಲಿ ಬಹುಪಾಲು ಅವನೊಂದಿಗೇ.

ಹೀಗೆ ಕೆಲವು ಬೇಸಿಗೆ ಕಳೆದ ಮೇಲೆ, ಒಂದು ಗಾಳಿಮಳೆಯ ದಿನ ಮಧ್ಯಾಹ್ನದಿಂದಲೇ ಸೆಕೆ ಉಸಿರು ಕಟ್ಟುವಂತಿತ್ತು. ನಾಲ್ಕರ ಹೊತ್ತಿಗೆ ದರೋಜಿಯ ಕಡೆಯಿಂದ ಕೆಂಧೂಳು ಗೋಡೆಯಂತೆ ಎದ್ದು ಬಂತು. ಹಿತ್ತಲಿನ ನುಗ್ಗೆಮರ ಮುರಿದು ಬಿದ್ದದ್ದನ್ನು ಕಿಟಕಿಯಿಂದ ನೋಡಿದೆ. ಸದ್ದಿಲ್ಲದೆ ಒಂದು ಮರ ಬೀಳುವುದನ್ನು ನೋಡಲು ನನಗಿನ್ನೂ ಅಭ್ಯಾಸವಾಗಿಲ್ಲ. ಫ್ಯಾನು ನಿಂತಿತು. ಗಂಡ ರೇನ್‌ಕೋಟು ಹಾಕಿಕೊಂಡು ನನ್ನೆದುರು ನಿಂತು, "ಎಮ್ಮಿಗನೂರ್ ಕಡಿ ಲೈನ್ ಬಿದ್ದಾವ. ತಡ ಆಗ್ತೈತಿ, ಉಣ್ರಿ ನೀವು" ಎಂದು ಹೊರಟರು. ಗೇಟಿನ ಹೊರಗೆ ಬೈಕಿನ ಮೇಲೆ ಸಂಡೂರಿನವನು ಕಾಯುತ್ತಿದ್ದ. ನನಗೆ ಕೈ ಎತ್ತಿ ತೋರಿಸಿದ.

ಮಳೆ ಜೋರಾಯಿತು, ಆಮೇಲೆ ಸಣ್ಣಗಾಯಿತು. ಹೊತ್ತು ಮುಳುಗುವಾಗ ನಾನು ಲ್ಯಾಂಪು ಹಚ್ಚಿ ಮೊಳೆಗೆ ತೂಗುಹಾಕಿದೆ. ಅತ್ತೆ ಬಾಗಿಲ ಬಳಿ ಕೂತಿದ್ದರು. ಅಷ್ಟರಲ್ಲಿ ತಲೆಯ ಮೇಲೆ ಗೊಬ್ಬರದ ಚೀಲ ಹೊದ್ದ ಒಬ್ಬ ಮನುಷ್ಯ ಬಂದು, ಒಳಗೆ ಬಾರದೆ, ಹೊರಗಿನಿಂದಲೇ ಅತ್ತೆಗೆ ಏನೋ ಹೇಳಿ ಹೋದ. ಅವನ ಬಾಯಿ ನನಗೆ ಕಾಣಲಿಲ್ಲ. ಓಣಿಯ ತುದಿಯ ಅಂಗಡಿಯವನು ಎಂದು ನಡಿಗೆಯಿಂದ ಊಹಿಸಿದೆ. ಅತ್ತೆ ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು.

"ಯಾರು ಬಂದಿದ್ರು? ಏನಂದ್ರು?" ಎಂದು ಕೇಳಿದೆ.

ಅವರು ತಿರುಗಿ ನನ್ನತ್ತ ನೋಡದೆ ನೇರ ಗೋಡೆಯ ಕಡೆ ನಡೆದರು. ಆ ಲ್ಯಾಂಪನ್ನು ಅವರು ಅದುವರೆಗೆ ಮುಟ್ಟಿದವರಲ್ಲ. ಅದರ ಗುಂಡಿ ಎಲ್ಲಿದೆ ಎಂದು ಬೆರಳಿನಿಂದ ತಡಕಿ ಹುಡುಕಿ ಆರಿಸಿಬಿಟ್ಟರು.

ನನಗೆ ಸಿಟ್ಟು ಬಂತು. ಚಾರ್ಜು ಉಳಿಸುವುದಕ್ಕೆ ಹೀಗೆ ಮಾಡಿದರು ಎಂದುಕೊಂಡೆ. "ಚಾರ್ಜ್ ಭಾಳ ಐತ್ರಿ, ಇರ್ಲಿ ಬಿಡ್ರಿ" ಎಂದು ಎದ್ದು ಹಚ್ಚಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮತ್ತೆ ಬಂದು ಆರಿಸಿದರು. ಆಮೇಲೆ ನನ್ನ ಮಣಿಕಟ್ಟು ಹಿಡಿದು ನೆಲಕ್ಕೆ ಜಗ್ಗಿ ತಮ್ಮ ಪಕ್ಕ ಕೂರಿಸಿಕೊಂಡರು. ಮಣಿಕಟ್ಟು ಬಿಡಲಿಲ್ಲ. ಅತ್ತೆ ನನ್ನನ್ನು ಹಾಗೆ ಮುಟ್ಟಿದ್ದು ಅದೇ ಮೊದಲು. ಹಬ್ಬದಲ್ಲಿ ಕುಂಕುಮ ಇಡುವಾಗ ಬಿಟ್ಟರೆ ಅವರ ಕೈ ಹೇಗಿರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ. ಒರಟಾಗಿತ್ತು, ತಣ್ಣಗಿತ್ತು.

ನಾನು ಮಾತಾಡುತ್ತಾ ಹೋದೆ. ನನ್ನ ದನಿ ನನಗೇ ಕೇಳದ ಕಾರಣ ಕತ್ತಲಲ್ಲಿ ನಾನು ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ. ನುಗ್ಗೆಮರ ಬಿತ್ತು, ನಾಳೆ ಕಾಯಿಯೆಲ್ಲ ಓಣಿಗೆ ಹಂಚಬೇಕು ಎಂದೆ. ಈ ಸಲವಾದರೂ ಇನ್ವರ್ಟರ್ ತರಬೇಕು, ಲೈನ್‌ಮ್ಯಾನ್ ಮನೆಯಲ್ಲೇ ಇಲ್ಲವೆಂದರೆ ಜನ ನಗುತ್ತಾರೆ ಎಂದೆ. ಅವರ ಮೈ ನಡುಗುವುದು ನನ್ನ ತೋಳಿಗೆ ತಾಗುತ್ತಿತ್ತು. ಮಳೆಯ ತಂಪಿಗೆ ಎಂದುಕೊಂಡು ಕೌದಿ ತಂದು ಹೊದಿಸಿದೆ. ರೊಟ್ಟಿ ಚಟ್ನಿ ತಂದು ಕೈಗಿಟ್ಟು, ಉಣ್ಣಿರಿ ಎಂದು ಒತ್ತಾಯ ಮಾಡಿದೆ. ಅವರು ಉಂಡರು. ಒಂದು ರೊಟ್ಟಿಯನ್ನು ಚೂರು ಚೂರು ಮುರಿದು, ನಾನು ತಟ್ಟೆ ಮುಟ್ಟಿ ನೋಡುವೆನೆಂದು ತಿಳಿದೋ ಏನೋ, ಪೂರಾ ಉಂಡರು. ಹಾಗೇ ಗೋಡೆಗೊರಗಿ ನನಗೆ ಜೊಂಪು ಹತ್ತಿತು.

ಎಚ್ಚರವಾದಾಗ ಬೆಳಗಾಗಿತ್ತು. ಅತ್ತೆ ಅದೇ ಜಾಗದಲ್ಲಿ, ಅದೇ ಭಂಗಿಯಲ್ಲಿ, ಬಾಗಿಲು ನೋಡುತ್ತ ಕೂತಿದ್ದರು. ಗೇಟಿನ ಬಳಿ ಯಾರದೋ ಬೈಕು ನಿಂತಿತು. ಹಿಂದಿನ ಸೀಟಿನಿಂದ ನನ್ನ ಗಂಡ ಇಳಿದರು. ಮಂಡಿಯವರೆಗೂ ಕೆಸರು. ಅತ್ತೆ ಎದ್ದವರು ಎರಡು ಹೆಜ್ಜೆ ಹೋಗಿ ಅಂಗಳದಲ್ಲೇ ಕುಸಿದು ಕುಳಿತುಬಿಟ್ಟರು. ಗಂಡ ಓಡಿಬಂದು ಅವರನ್ನು ಎತ್ತಲು ಬಾಗಿದಾಗ ಅವರು ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು, ಮೂಗು, ಗದ್ದ ಎಲ್ಲವನ್ನೂ ಸವರಿ ಸವರಿ ನೋಡಿದರು. ನಾನು ಒಂದೂ ತಿಳಿಯದೆ ಹೊಸ್ತಿಲ ಮೇಲೆ ನಿಂತಿದ್ದೆ.

ಗಂಡ ತಲೆಯೆತ್ತಿ ನನ್ನ ಕಡೆ ನೋಡಿ ಹೇಳಿದರು. ಬೆಳಗಿನ ಬೆಳಕು ಅವರ ಮುಖದ ಮೇಲೆ ನೇರ ಬೀಳುತ್ತಿತ್ತು. ಆ ಮಾತಿನಲ್ಲಿ ತಪ್ಪು ತಿಳಿಯಲು ಜಾಗವೇ ಇರಲಿಲ್ಲ. "ಸಂಡೂರಿನವ ಹೋದ."

ಲೈನ್ ಬಂದ್ ಮಾಡಿಸಿಯೇ ಅವನು ಕಂಬ ಏರಿದ್ದ. ಆದರೆ ಆ ಬದಿಯ ಯಾವುದೋ ಕಟ್ಟಡದಲ್ಲಿ ಕರೆಂಟ್ ಹೋಯಿತೆಂದು ಜನರೇಟರ್ ಹಚ್ಚಿದ್ದರು. ಮೇನ್ ಸ್ವಿಚ್ಚು ತೆಗೆಯದೆ ಹಚ್ಚಿದರೆ ಅದರ ಕರೆಂಟು ಮನೆಯಿಂದ ಹಿಂದಕ್ಕೆ ಹರಿದು ಕಂಬದ ತಂತಿಗೆ ಬರುತ್ತದೆ. ಸತ್ತಿದೆ ಎಂದು ನಂಬಿದ ತಂತಿ ಜೀವ ಹಿಡಿದಿತ್ತು. ಸುದ್ದಿ ಊರಿಗೆ ಬಂದಾಗ ಬರೀ ಒಬ್ಬ ಲೈನ್‌ಮ್ಯಾನ್ ಎಂದಷ್ಟೇ ಬಂದಿತ್ತು. ಯಾರು ಎಂದು ಅಂಗಡಿಯವನಿಗೂ ಗೊತ್ತಿರಲಿಲ್ಲ. ಟವರು ಬಿದ್ದು ಫೋನುಗಳೂ ಸತ್ತಿದ್ದವು.

ಅತ್ತೆ ಆ ರಾತ್ರಿಯೆಲ್ಲ ತಮ್ಮ ಮಗನೇ ಇರಬೇಕೆಂದು ತಿಳಿದು ನನ್ನ ಪಕ್ಕ ಕೂತಿದ್ದರು. ನಾನು ತಮ್ಮ ಮುಖ ಓದಬಾರದೆಂದು ದೀಪ ಆರಿಸಿದ್ದರು. ಕೆಲವು ದಿನ ಕಳೆದ ಮೇಲೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಅವರನ್ನು ಕೇಳಿದೆ, ನನಗ್ಯಾಕ ಹೇಳಲಿಲ್ಲ ಎಂದು. ಅವರು ಬಾಯಲ್ಲಿದ್ದ ಎಲೆಯನ್ನು ಬಚ್ಚಲಿಗೆ ಉಗುಳಿ, ನೀರು ಮುಕ್ಕಳಿಸಿ, ನನ್ನೆದುರಿಗೆ ಕುಕ್ಕರಗಾಲಲ್ಲಿ ಕೂತು ಹೇಳಿದರು. "ಖರೇನೋ ಸುಳ್ಳೋ ಗೊತ್ತಿರಲಿಲ್ಲ ಯವ್ವಾ. ಬೆಳಗಾಗೋತನಕ ಒಬ್ಬಾಕಿಯಾದ್ರೂ ಉಸಿರಾಡ್ಲಿ ಅಂತ ಬಿಟ್ಟೆ." ಅಂದಿನಿಂದ ನನ್ನೊಡನೆ ಮಾತಾಡಬೇಕಾದಾಗೆಲ್ಲ ಅವರು ಮೊದಲು ಎಲೆ ಉಗುಳುತ್ತಾರೆ.

ಸಂಡೂರಿನವನ ಊರಿಗೆ ಹೋಗಿದ್ದೆವು. ಗುಡ್ಡದ ಸುತ್ತ ಬಸ್ಸು ತಿರುಗುವಾಗ ಗಿಡಗಳ ಎಲೆಯ ಮೇಲೆಲ್ಲ ಅದಿರಿನ ಕೆಂಪು ಕೂತಿತ್ತು. ಅವನ ಮನೆಯ ಅಂಗಳದ ತುಂಬ ಹೆಂಗಸರು. ಎಲ್ಲರ ಬಾಯಿಗೂ ಸೆರಗು. ಅಷ್ಟು ಜನ ಒಟ್ಟಿಗೆ ಅಳುತ್ತಿದ್ದರು, ನನ್ನ ಪಾಲಿಗೆ ಅದು ಬರೀ ಹೆಗಲುಗಳ ಅಲುಗಾಟ. ಅವನ ಹೆಂಡತಿ ನನ್ನ ಕೊರಳಿಗೆ ಬಿದ್ದು ಬಹಳ ಹೊತ್ತು ಏನೇನೋ ಹೇಳಿದಳು. ಅವಳ ಬಿಸಿಯುಸಿರು ಕಿವಿಯ ಬಳಿ ಬಡಿಯುತ್ತಿತ್ತು. ಕೇಳುವ ಕಿವಿ ಇದ್ದಿದ್ದರೆ ಅದು ಸರಿಯಾದ ಜಾಗ. ಮುಖ ನನ್ನ ಹೆಗಲಲ್ಲಿ ಹುದುಗಿತ್ತು, ಒಂದು ಪದವೂ ಸಿಗಲಿಲ್ಲ. ಅವಳನ್ನು ಹಿಂದಕ್ಕೆ ಸರಿಸಿ ಮತ್ತೊಮ್ಮೆ ಹೇಳು ಎನ್ನಲು ಬಾಯಿ ಬರಲಿಲ್ಲ. ಹಾರ ಹಾಕಿದ್ದ ಫೋಟೋದಲ್ಲಿ ಅವನು ಹಳೆಯ ದಪ್ಪ ಮೀಸೆಯಲ್ಲಿದ್ದ.

ಆಮೇಲಿನ ತಿಂಗಳುಗಳಲ್ಲಿ ನನ್ನ ಗಂಡ ಮಾತು ಬಿಟ್ಟರು. ಪೂರಾ ಬಿಟ್ಟರು ಅಂತಲ್ಲ. ಗೋಡೆ ನೋಡುತ್ತ ಮಾತಾಡುವುದು, ಬೂಟು ಕಟ್ಟುತ್ತ ಮಾತಾಡುವುದು, ಬಾಗಿಲು ದಾಟುತ್ತ ಮಾತಾಡುವುದು. ಕೇಳುವವರಿಗೆ ಇದೆಲ್ಲ ಮಾತೇ. ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಮನೆಯಲ್ಲಿ ಕರೆಂಟಿತ್ತು, ಟ್ಯೂಬ್‌ಲೈಟು ಉರಿಯುತ್ತಿತ್ತು. ಓದಲು ಎದುರಿಗೆ ಮುಖ ಇರಲಿಲ್ಲ. ಶಾಲೆಯಲ್ಲಿ ಪುಸ್ತಕ ಹಿಂದಿರುಗಿಸಲು ಬಂದ ಮಕ್ಕಳು ಟೇಬಲ್ಲಿನ ಮೇಲೆ ಇಟ್ಟು ಓಡಿಹೋಗುತ್ತಿದ್ದರು. ಎಷ್ಟೋ ದಿನ ಬೆಳಗಿನಿಂದ ಸಂಜೆಯತನಕ ನನ್ನ ದನಿ ಬಳಕೆಯಾಗದೆ ಗಂಟಲಲ್ಲೇ ಒಣಗುತ್ತಿತ್ತು.

ಮತ್ತೆ ಬೇಸಿಗೆ ಹತ್ತಿರವಾಯಿತು. ನಾನು ಹೊಸಪೇಟೆಗೆ ಹೋಗಿ ಅಂಗಡಿಯಲ್ಲಿ ಇನ್ವರ್ಟರ್ ನೋಡಿ ಬಂದೆ. ಹಂಪಿಗೆ ಹೊರಟ ಪ್ರವಾಸಿಗರಿಂದ ತುಂಬಿದ ಬಸ್‌ಸ್ಟ್ಯಾಂಡಿನಲ್ಲಿ ಕಂಪ್ಲಿ ಬಸ್ಸಿಗೆ ಕಾಯುತ್ತ, ಹೇಗೆ ಹೇಳಬೇಕು ಎಂದು ಮನಸ್ಸಲ್ಲೇ ಜೋಡಿಸಿಕೊಂಡೆ. ಮನೆಗೆ ಬಂದು, ಗಂಡ ಊಟಕ್ಕೆ ಕೂತಾಗ ಎದುರಿಗೆ ಕೂತು ಹೇಳಿದೆ.

ಅವರು ತುತ್ತು ತಟ್ಟೆಗಿಟ್ಟರು. ಬಹಳ ದಿನಗಳ ಮೇಲೆ ನನ್ನ ಮುಖ ನೋಡಿ ಹೇಳಿದರು. "ಆ ಮಷೀನ್ ಈ ಮನ್ಯಾಗ ಬ್ಯಾಡ."

"ಇನ್ವರ್ಟರಿನ ಕರೆಂಟ್ ಹೊರಗ ಹೋಗಲ್ಲಂತ. ಸರಿಯಾಗಿ ಹಾಕಿದ್ರ ಏನೂ ಆಗಲ್ಲ ಅಂತ ನೀವೇ ಎಷ್ಟೋ ಮಂದಿಗೆ ಹೇಳೀರಿ."

"ಗೊತ್ತೈತಿ. ಆದ್ರೂ ಬ್ಯಾಡ."

"ಕತ್ತಲಾದ್ರ ನನಗ ಯಾರೂ ಇರಲ್ರೀ."

ಇದನ್ನು ನಾನು ಅಷ್ಟು ನೇರವಾಗಿ ಅದುವರೆಗೆ ಹೇಳಿರಲಿಲ್ಲ. ಅವರು ಕೈ ತೊಳೆದು ಹೊರಗೆ ಹೋದರು. ಅತ್ತೆ ತಟ್ಟೆ ಎತ್ತಿಕೊಂಡು ಹೋಗುತ್ತ ನನ್ನ ಹೆಗಲನ್ನು ಒಮ್ಮೆ ಒತ್ತಿದರು.

ರಜೆಯ ದಿನಗಳಲ್ಲಿ ಗಂಡ ಸೈಕಲ್ಲು ತೆಗೆದುಕೊಂಡು ಎತ್ತಲೋ ಹೋಗುತ್ತಿದ್ದರು. ಎಲ್ಲಿಗೆಂದು ಪಕ್ಕದ ಮನೆಯ ಹೆಂಗಸು ಹೇಳಿದಳು. ಎಮ್ಮಿಗನೂರು ರಸ್ತೆಯಲ್ಲಿ ಜನರೇಟರ್ ಇರುವ ಮನೆ, ಅಂಗಡಿ, ಮಿಲ್ಲುಗಳಿಗೆಲ್ಲ ಹೋಗಿ, ಲೈನಿಗೂ ಜನರೇಟರಿಗೂ ನಡುವೆ ಹಾಕಬೇಕಾದ ಸ್ವಿಚ್ಚು ಹಾಕಿದ್ದೀರಾ ಎಂದು ನೋಡಿಬರುತ್ತಿದ್ದರಂತೆ. ಕೆಲವರು ಒಳಗೆ ಕರೆದು ಚಹಾ ಕೊಡುತ್ತಿದ್ದರು. ಕೆಲವರು, ನಿನಗ್ಯಾಕಪ್ಪ, ಡ್ಯೂಟಿ ಮ್ಯಾಲ ಬಂದೀಯೇನು ಎನ್ನುತ್ತಿದ್ದರು. ಒಂದು ಭಾನುವಾರ ನಾನೂ ಜೊತೆಗೆ ಬರುತ್ತೇನೆ ಎಂದೆ. ಮುಂಚಿನ ದಿನ ಶಾಲೆಯ ರಟ್ಟುಗಳನ್ನು ತಂದು, ದಪ್ಪ ಅಕ್ಷರದಲ್ಲಿ ಬರೆದಿದ್ದೆ. "ಜನರೇಟರ್ ಹಚ್ಚುವ ಮುಂಚೆ ಮೇನ್ ತೆಗೆಯಿರಿ. ಕಂಬದ ಮೇಲೆ ಮನುಷ್ಯ ಇದ್ದಾನೆ." ಅವರು ಓದಿದರು. ಎರಡನೆಯ ಸಾಲಿನ ಮೇಲೆ ಅವರ ಕಣ್ಣು ಬಹಳ ಹೊತ್ತು ನಿಂತಿತು. ರಟ್ಟುಗಳನ್ನು ಕ್ಯಾರಿಯರಿಗೆ ಕಟ್ಟಿದರು. ಸೈಕಲ್ಲು ತಳ್ಳುತ್ತ ಅವರು ಮುಂದೆ, ನಾನು ಹಿಂದೆ, ಮನೆಮನೆಗೆ ಹೋಗಿ ಮೀಟರಿನ ಪಕ್ಕ ಅಂಟಿಸಿ ಬಂದೆವು.

ಅದಾದ ಕೆಲವು ದಿನಕ್ಕೆ, ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬರುವ ಹೊತ್ತಿಗೆ ಗಂಡ ಏಣಿಯ ಮೇಲಿದ್ದರು. ಮಾಳಿಗೆಯ ಮೇಲೆ ತಟ್ಟೆಯಗಲದ ಸೋಲಾರ್ ಹಲಗೆ, ಒಳಗೆ ಮೂಲೆಯಲ್ಲಿ ಒಂದು ಸಣ್ಣ ಬ್ಯಾಟರಿ, ಅಲ್ಲಿಂದ ಪಡಸಾಲೆಯ ನಡುವೆ ಒಂದು ತಂತಿ, ಒಂದು ಬಲ್ಬು. ಮನೆಯ ವೈರಿಂಗಿಗೂ ಅದಕ್ಕೂ ಎಲ್ಲಿಯೂ ಸಂಬಂಧವಿರಲಿಲ್ಲ. ಮೀಟರಿನ ಬಳಿ ಕರೆದೊಯ್ದು ಅದನ್ನು ನನಗೆ ತೋರಿಸಿದರು, ಅತ್ತೆಗೂ ತೋರಿಸಿದರು. ಆಮೇಲೆ ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿ ಕತ್ತಲು ಮಾಡಿ, ಬಲ್ಬು ಹಚ್ಚಿ, ಅದರ ಕೆಳಗೆ ಕೂತರು.

"ಕಾಣ್ತೈತೇನು?" ಎಂದರು.

"ಇನ್ನೊಂಚೂರು ಹಿಂದಕ ಸರೀರಿ" ಎಂದೆ. ಸರಿದರು. ಮುಖ ತಿಳಿಯಾಗಿ ಕಾಣಿಸಿತು. ಈ ವರ್ಷದೊಳಗೆ ಕಣ್ಣಿನ ಕೆಳಗೆ ಎಷ್ಟು ಗುಳಿ ಬಿದ್ದಿದೆ ಎಂಬುದೂ ಕಾಣಿಸಿತು.

ಅಲ್ಲಿ ಕೂತು ಅವರು ಆ ದಿನದ ಬಗ್ಗೆ ಮೊದಲ ಸಲ ಹೇಳಿದರು. ನಿಧಾನವಾಗಿ, ನನಗೆ ಸಿಗುವ ಹಾಗೆ ಹೇಳಿದರು. ಏಣಿ ಹಿಡಿದು ಕೆಳಗೆ ನಿಂತವರು ಅವರು. ಗಾಳಿ ಇನ್ನೂ ಬೀಸುತ್ತಿತ್ತು. ಮೋಡ ಕವಿದು ಹೊತ್ತಿಗೆ ಮುಂಚೆಯೇ ಮಬ್ಬಾಗಿದ್ದರಿಂದ ಒಂದು ಕೈಯಲ್ಲಿ ಟಾರ್ಚು ಹಿಡಿದು ಮೇಲಕ್ಕೆ ಬೆಳಕು ಬಿಟ್ಟಿದ್ದರು. ಸಂಡೂರಿನವನು ತಂತಿಗೆ ಕೈ ಹಾಕುವ ಮುಂಚೆ ಕೆಳಗೆ ಬಾಗಿ ಏನೋ ಅಂದ.

"ಗಾಳ್ಯಾಗ ಕೇಳ್ಸಲಿಲ್ಲ ನನಗ. ಏನ್ಲೇ ಅಂದೆ. ಅವ ಮತ್ತ ಅದನ್ನ ಅಂದ. ಆಗ್ಲೂ ಕೇಳ್ಸಲಿಲ್ಲ. ಹೂಂ ಅಂತ ತಲಿ ಆಡ್ಸಿದೆ. ಬಾಯಿ ಮಾತ್ರ ಕಾಣ್ತಿತ್ತು. ನೀನಿದ್ರ ತಿಳೀತಿತ್ತು."

ಅತ್ತೆ ಗೋಡೆಗೆ ಮುಖ ಮಾಡಿ ಕೂತಿದ್ದರು.

"ಇಲ್ಲಿ ನೋಡು" ಎಂದು ಗಂಡ ಬಾಯಿ ಆಡಿಸಿ ತೋರಿಸಿದರು. ದನಿ ಹಾಕಿದ್ದರೋ ಇಲ್ಲವೋ ನನಗೆ ತಿಳಿಯದು. ತುಟಿ ಮುಚ್ಚಿತು, ತೆರೆಯಿತು, ಸ್ವಲ್ಪ ಮುಂದಕ್ಕೆ ಬಂತು. ಮತ್ತೆ ಮಾಡಿದರು. ಮತ್ತೊಮ್ಮೆ. ಒಂದು ವರ್ಷ ಅವರು ಆ ಆಕಾರವನ್ನು ಬಾಯಲ್ಲಿ ಇಟ್ಟುಕೊಂಡೇ ಓಡಾಡಿದ್ದರು. ನನ್ನಿಂದ ಮುಖ ತಿರುಗಿಸುತ್ತಿದ್ದುದು ಯಾಕೆ ಎಂದು ಆಗ ಅರ್ಥವಾಯಿತು. ಕೇಳಿದರೆ ನಾನು ಏನು ಹೇಳಿಬಿಡುತ್ತೇನೋ ಎಂದು ಅವರಿಗೆ ಭಯವಿತ್ತು.

ನಾನು ಹತ್ತಿರ ಸರಿದು ನೋಡಿದೆ. ಬಿಡು ಎಂದಿರಬಹುದು. ಬೆಳಕು ಎಂದಿರಬಹುದು, ಮತ್ತೇನೋ ಇರಬಹುದು. ಮೊದಲು ತುಟಿ ಮುಚ್ಚಿದ್ದರಿಂದ ಹಿಡಿ ಅಂದಿಲ್ಲ, ಇಳೀತೀನಿ ಅಂದಿಲ್ಲ ಎಂದಷ್ಟೇ ಹೇಳಬಹುದಿತ್ತು. ಸಮಾಧಾನದ ಒಂದು ಪದ ಆರಿಸಿ ಕೊಡುವುದು ಸುಲಭವಿತ್ತು. ನನ್ನ ಬಾಯಿಗೂ ಬಂದಿತ್ತು.

"ನನಗೂ ತಿಳೀವಲ್ದು" ಎಂದೆ. "ಭಾಳ ಮಾತಿಗೆ ಬಾಯಿ ಹಿಂಗ ಆಗ್ತೈತಿ. ಅವನ ಮುಖಾನೇ ನೋಡಿದ್ರೂ ನನಗ ಗೊತ್ತಾಗ್ತಿರಲಿಲ್ಲೇನೋ."

ಅವರು ಎದ್ದು ಕಿಟಕಿ ತೆರೆದರು. ಅವರ ಮುಖದಲ್ಲಿ ಏನಾದರೂ ಹಗುರಾಯಿತೆಂದು ನಾನು ಹೇಳಲಾರೆ. ಆದರೆ ಆ ದಿನದಿಂದ ಬೂಟು ಕಟ್ಟುವಾಗ ಏನಾದರೂ ಹೇಳುವುದಿದ್ದರೆ ಲಾಡಿ ಬಿಟ್ಟು ತಲೆ ಎತ್ತುತ್ತಾರೆ.

ಈಗಲೂ ಗಾಳಿ ಎದ್ದರೆ ಅವರು ಹೋಗುತ್ತಾರೆ. ನಾನೂ ಅತ್ತೆಯೂ ಬಲ್ಬಿನ ಕೆಳಗೆ ಕೂರುತ್ತೇವೆ. ಅತ್ತೆ ಎಲೆ ಉಗುಳಿ, ತಮ್ಮ ಮದುವೆಯ ಕಾಲದ ಏನಾದರೂ ಹೇಳುತ್ತಾರೆ. ಅರ್ಧ ಸಿಗುತ್ತದೆ, ಅರ್ಧ ಸಿಗುವುದಿಲ್ಲ. ಸಿಗದ ಕಡೆಯೂ ತಲೆಯಾಡಿಸುತ್ತೇನೆ. ಅದು ಅವರಿಗೆ ಗೊತ್ತು, ಆದರೂ ಹೇಳುತ್ತಾರೆ. ಒಂದು ಹೊತ್ತಿನ ಮೇಲೆ ಅವರು ಕೌದಿ ಎಳೆದುಕೊಂಡು ಮಲಗುತ್ತಾರೆ. ಆಗ ಬೆಳಕಿದ್ದರೂ ನೋಡಲು ಯಾರ ಬಾಯಿಯೂ ಇರುವುದಿಲ್ಲ. ಗುಡುಗು ನೆಲದಿಂದ ಅಂಗಾಲಿಗೆ ಬರುತ್ತದೆ. ಅದು ಎಮ್ಮಿಗನೂರಿನ ಕಡೆಯದೋ ದರೋಜಿಯ ಕಡೆಯದೋ ಹೇಳಲಾಗದು. ಹೊರಗೆ ಕತ್ತಲಲ್ಲಿ ಗದ್ದೆ. ನಾನು ಚಿಲಕ ಹಾಕದೆ ಬಾಗಿಲಿಗೆ ಕಾಲು ತಾಗಿಸಿ ಕೂತಿರುತ್ತೇನೆ, ಯಾರಾದರೂ ತಳ್ಳಿದರೆ ತಿಳಿಯಲಿ ಎಂದು.